ಎಡಗಡೆಯ ಕ್ಲಿಪ್ಪು

ಕಳೆದ ವಾರ ಪಕ್ಕದ ಮನೆಯವರು ತಮ್ಮ ಹಿತ್ತಲಿನ ಮಾವಿನ ಮರದ ರೆಂಬೆಗಳನ್ನು ಕಡಿಸಿದರು. ಕರೆಂಟಿನ ತಂತಿಗೆ ತಾಗುತ್ತಿತ್ತಂತೆ. ಎರಡು ಮೂರು ಎಳೆ ಕೊಂಬೆಗಳು ನಮ್ಮ ಕಾಂಪೌಂಡಿನೊಳಗೂ ಬಿದ್ದವು. ಎತ್ತಿ ಆಚೆ ಹಾಕಲು ಹೋದವಳ ಅಂಗೈಗೆ ಸೊನೆ ಮೆತ್ತಿಕೊಂಡಿತು. ಆ ವಾಸನೆ... ಒಂದಿಷ್ಟು ಹುಳಿ, ಒಂದಿಷ್ಟು ಸೀಮೆಎಣ್ಣೆಯಂಥ ಘಾಟು. ಸೋಪು ಹಾಕಿ ತೊಳೆದರೂ ಸಾಯಂಕಾಲದವರೆಗೆ ಕೈ ಬಿಡಲಿಲ್ಲ. ನಂಜನಗೂಡಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಆ ಘಾಟು ಮೂಗಿಗೆ ಬಡಿದರೆ ನಾನು ನರಸೀಪುರದ ನರ್ಸರಿಯಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಇರುತ್ತೇನೆ. ಎದುರಿಗೆ ಗೋಣಿಚೀಲದ ಮೇಲೆ ಕಸಿಯಣ್ಣ ಕೂತಿರುತ್ತಾರೆ.

ಕಸಿ ಕಟ್ಟುವುದು ಅವರ ಕೆಲಸ. ಹಾಗಾಗಿ ನರ್ಸರಿಯ ಮಾಲೀಕರಿಂದ ಹಿಡಿದು ನೀರು ಹಾಯಿಸುವವರವರೆಗೆ ಎಲ್ಲರಿಗೂ ಅವರು ಕಸಿಯಣ್ಣ. ನಂಜನಗೂಡಿನ ಕಡೆಯ ಹದಿನಾರು ಎಂಬ ಹಳ್ಳಿಯವರು. ಬಸ್ಸು ಹಿಡಿದು ದಿನಾ ನರಸೀಪುರಕ್ಕೆ ಬರುತ್ತಿದ್ದರು. ಐವತ್ತರ ಆಸುಪಾಸು, ತೆಳ್ಳನೆಯ ಆಳು, ಖಾಕಿ ಪ್ಯಾಂಟು, ತೋಳು ಮಡಚಿದ ಬಿಳಿ ಅಂಗಿ. ನೆಲದ ಕೆಲಸ ಮಾಡುವವರ ಅಂಗಿ ಅಷ್ಟು ಬಿಳಿಯಾಗಿ ಇರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನು ಅಲ್ಲಿಗೆ ಸೇರಿದ್ದು ತೊಂಬತ್ತಾರರ ಶುರುವಿನಲ್ಲಿ. ಪಿಯುಸಿ ಮುಗಿದು ಮನೆಯಲ್ಲಿ ಸುಮ್ಮನೆ ಕೂತಿದ್ದೆ. ನಮ್ಮಪ್ಪನದು ನರಸೀಪುರದ ಪೇಟೆಯಲ್ಲಿ ಪಾತ್ರೆ ಅಂಗಡಿ. ಊರಾಚೆ, ಬಸ್ಸಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿದ್ದ ನರ್ಸರಿಯ ಮಾಲೀಕರು ಅವರ ಪರಿಚಯದವರು. ಮದುವೆ ಗೊತ್ತಾಗುವವರೆಗೆ ಹೋಗಿ ಬರಲಿ ಎಂದು ಕಳಿಸಿದರು. ಸಸಿಗಳಿಗೆ ಹೆಸರಿನ ಚೀಟಿ ಬರೆದು ಕಟ್ಟುವುದು ನನ್ನ ಕೆಲಸ. ಬಾದಾಮಿ, ರಸಪುರಿ, ಮಲ್ಗೋವ, ಸಪೋಟ. ಬರೆದು ಬರೆದು ಒಂದು ತಿಂಗಳಿಗೇ ಬೇಸರ ಬಂತು. ನನ್ನ ಕಣ್ಣು ಮಾತ್ರ ಕಸಿಯಣ್ಣನ ಕೈಯ ಮೇಲೇ ಇರುತ್ತಿತ್ತು. ಬೇರುಸಸಿಯ ತಲೆ ಕತ್ತರಿಸುವುದು, ನಡುವೆ ಒಂದು ಸೀಳು, ಒಳ್ಳೆ ಮರದಿಂದ ತಂದ ಕಡ್ಡಿಯ ಬುಡವನ್ನು ಎರಡೇ ಎಳೆತಕ್ಕೆ ಬೆಣೆಯ ಹಾಗೆ ಕೆತ್ತುವುದು, ಸೀಳಿನೊಳಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯುವುದು. ಒಂದು ಮರದ ರಕ್ತ ಇನ್ನೊಂದು ಮರಕ್ಕೆ ಹರಿಯುವ ಹಾಗೆ ಮಾಡುವ ಕೈ ಅದು.

ಕಲಿಯಲೇಬೇಕೆಂದು ಸಂತೆಯಲ್ಲಿ ಒಂದು ಮಡಚುವ ಚಾಕು ಕೊಂಡು, ಚೂಡಿದಾರದ ಸೊಂಟದ ಲಾಡಿಗೆ ಸಿಕ್ಕಿಸಿಕೊಂಡು ಬಂದೆ. ಅವರ ಮುಂದೆ ಹೋಗಿ ನಿಂತೆ.

"ಏನವ್ವ ಅದು ಸೊಂಟದಲ್ಲಿ?" ಎಂದರು.

"ಚಾಕು ಕಣಣ್ಣ. ನಂಗೂ ಕಸಿ ಕಟ್ಟೋದು ಹೇಳ್ಕೊಡಿ."

"ಕುಯ್ಯೋದ ಆಮೇಲ್ ಕಲೀವಂತೆ. ಮೊದ್ಲು ಇಟ್ಕಳೋದ ಕಲಿ. ತಗಿ ಅದ್ನ."

ತೆಗೆದು ಕೊಡಹೋದೆ. ಅವರು ಕೈ ಚಾಚಲೇ ಇಲ್ಲ. ಮೊದಲು ಪೂರ್ತಿ ಮಡಚು ಎಂದರು. ಮಡಚಿದೆ. ಆಮೇಲೆ ಅಂಗೈ ಒಡ್ಡಿ, ಚಾಕು ಅಂಗೈಗೆ ಬಂದ ಮೇಲೆ "ಇಡ್ಕಂಡೆ" ಎಂದರು. ಆ ಮಾತು ಕೇಳುವವರೆಗೆ ಕೊಡುವವರು ಕೈ ಬಿಡಬಾರದಂತೆ. ಚಾಕನ್ನು ತಲೆಕೆಳಗೆ ಹಿಡಿದು ಒಂದು ಸಲ ಜಾಡಿಸಿದರು. ಅಲಗು ತಾನಾಗಿಯೇ ಈಚೆ ಬಂದು ಜೋತುಬಿತ್ತು.

"ನೋಡ್ದಾ? ಇದು ಚಾಕಲ್ಲ ಕಣವ್ವ, ಬಾಯ್ ಬುಟ್ಕಂಡಿರೋ ನಾಗರಾವು. ಇದ್ನ ಒಟ್ಟೆ ಮ್ಯಾಲೆ ಇಕ್ಕಂಡು ಬಸ್ಸಲ್ಲಿ ಬಂದಿದ್ದೀಯಲ್ಲ, ನಿಮ್ಮವ್ವನ ಪುಣ್ಯ."

ಆ ಚಾಕನ್ನು ಅವರು ನನಗೆ ವಾಪಸು ಕೊಡಲಿಲ್ಲ. ಹದಿನೈದು ದಿನದ ಮೇಲೆ ತಮ್ಮದೇ ಒಂದು ಹಳೆಯ ಕಸಿಚಾಕನ್ನು ತಂದುಕೊಟ್ಟರು. ಅದರ ಸ್ಪ್ರಿಂಗು ಎಷ್ಟು ಬಿಗಿಯೆಂದರೆ ತೆರೆಯಲು ನನ್ನ ಉಗುರು ಸೋಲುತ್ತಿತ್ತು. ಮತ್ತೆ ಅದರ ಹಿಡಿಗೆ, ಪೆನ್ನಿಗೆ ಇರುತ್ತದಲ್ಲ ಹಾಗೆ, ಒಂದು ಕ್ಲಿಪ್ಪಿತ್ತು. ಮಡಚುವ ಚಾಕಿಗೆ ಕ್ಲಿಪ್ಪು ಇರುವುದನ್ನು ನಾನು ಕಂಡದ್ದು ಅದೇ ಮೊದಲು. ಕೆಟ್ಟುಹೋದ ಯಾವುದೋ ಸಾಮಾನಿನ ಉಕ್ಕಿನ ಪಟ್ಟಿ ಕತ್ತರಿಸಿ, ನಂಜನಗೂಡಿನಲ್ಲಿ ಬೀಗ ರಿಪೇರಿ ಮಾಡುವವರ ಹತ್ತಿರ ಕೂತು ರಿವೆಟ್ ಹೊಡೆಸಿದ್ದರು. ಅವರ ಚಾಕಿಗೂ ಅಂಥದ್ದೇ ಇತ್ತು.

ಅದನ್ನು ಇಟ್ಟುಕೊಳ್ಳಲು ನನಗೆ ಜೇಬು ಬೇಕಲ್ಲ. ನಮ್ಮ ಬೀದಿಯ ಟೈಲರ್ ಹತ್ತಿರ ಹೋಗಿ ಟಾಪಿನ ಬಲಗಡೆಗೆ ಒಂದು ಜೇಬು ಹಾಕಿಕೊಡಿ ಎಂದಾಗ ಅವರು ನಕ್ಕೇಬಿಟ್ಟರು. "ಹೆಣ್ಮಕ್ಕಳ ಬಟ್ಟೆಗೆ ಜೇಬಾ? ಏನಿಡ್ತೀಯಮ್ಮ ಅದ್ರಲ್ಲಿ?" ಎಂದರು. ಚಾಕು ಎಂದರೆ ಅಪ್ಪನಿಗೆ ಸುದ್ದಿ ಹೋಗುತ್ತದೆಂದು ಪೆನ್ನು ಎಂದೆ. ಜೇಬಿನ ಬಾಯಿಗೆ ಒಳಗಿನಿಂದ ಕ್ಯಾನ್ವಾಸ್ ಪಟ್ಟಿ ಕೊಟ್ಟು ಹೊಲಿಯಬೇಕು, ಇಲ್ಲದಿದ್ದರೆ ಕ್ಲಿಪ್ಪಿನ ಭಾರಕ್ಕೆ ಬಟ್ಟೆ ಜೋಲುತ್ತದೆ ಎಂದು ಕಸಿಯಣ್ಣ ಮೊದಲೇ ಹೇಳಿಕಳಿಸಿದ್ದರು.

ಆ ಜೇಬಿಗೆ ಚಾಕು ಸಿಕ್ಕಿಸುವ ಪಾಠ ಎರಡು ದಿನ ನಡೆಯಿತು. ಕ್ಲಿಪ್ಪನ್ನು ಅವರು ಕೂಡಿಸಿದ್ದು ಅಲಗು ತಿರುಗುವ ಕೀಲಿನ ತುದಿಗೆ. ಹಾಗಾಗಿ ಜೇಬಿನಲ್ಲಿ ಕೀಲು ಮೇಲೆ ಇರುತ್ತಿತ್ತು, ಮಡಚಿದ ಅಲಗಿನ ಮೊನೆ ಜೇಬಿನ ತಳದ ಕಡೆಗೆ. ಅಲಗು ಹೊರಗೆ ಬರುವ ಬದಿ ಜೇಬಿನ ಹಿಂದಿನ ಹೊಲಿಗೆಗೆ ಆತುಕೊಂಡಿರಬೇಕು. ಆಗ ಸ್ಪ್ರಿಂಗು ಸಡಿಲವಾದರೂ ಹೊಲಿಗೆ ಅಡ್ಡ ಬರುತ್ತದೆ, ಅಲಗು ಬಿಚ್ಚಿಕೊಳ್ಳುವುದಿಲ್ಲ.

"ಕ್ಲಿಪ್ಪ ಇನ್ನೊಂದ್ ತುದೀಗೆ ಹಾಕಿಸ್ಬೋದಿತ್ತಲ್ವಾ ಅಣ್ಣ? ಮೊನೆ ಮೇಲಕ್ಕಿದ್ರೆ ತೆಗೆದ ಕೂಡ್ಲೆ ಬಿಚ್ಚೋಕೆ ಸಲೀಸು," ಎಂದೆ ಒಂದು ದಿನ, ಜಾಣತನ ತೋರಿಸುವ ಹುಮ್ಮಸ್ಸಿನಲ್ಲಿ.

ಅವರು ಕೆಲಸ ನಿಲ್ಲಿಸಿದರು. "ಸಲೀಸು ಯಾರ್ಗೆ ಬೇಕವ್ವ? ಮಾವಿನ್ ಕಡ್ಡಿ ಎಲ್ಲೂ ಓಡೋಗಲ್ಲ. ಮೊನೆ ಯಾವತ್ತೂ ಕೆಳಗ್ಮುಕ. ಮತ್ತೆ ಚಾಕಿರೋ ಜೇಬ್ಗೆ ಇನ್ನೇನೂ ಆಕ್ಬ್ಯಾಡ. ಕರ್ಚೀಪು ಆಕ್ಬ್ಯಾಡ, ತಿನ್ನೋದಂತೂ ಆಕ್ಲೇಬ್ಯಾಡ."

ತಿನ್ನೋದಂತೂ ಎನ್ನುವಾಗ ಅವರು ಯಾಕೋ ತಮ್ಮ ಜೇಬನ್ನು ಒಮ್ಮೆ ಒತ್ತಿ ನೋಡಿಕೊಂಡರು. ನನಗೆ ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಅರ್ಥವಾದದ್ದು ಬೇಸಿಗೆ ರಜೆಯಲ್ಲಿ, ಅವರ ಮಗಳು ನರ್ಸರಿಗೆ ಬಂದಾಗ. ಹತ್ತು ವರ್ಷದ ಹುಡುಗಿ, ಅಪ್ಪನಂತೆಯೇ ತೆಳ್ಳಗೆ. ಬಲಗೈಯನ್ನು ಯಾವಾಗಲೂ ಲಂಗದ ನೆರಿಗೆಯಲ್ಲಿ ಮರೆಸಿಕೊಳ್ಳುತ್ತಿದ್ದಳು. ಸಸಿ ಎತ್ತಿಡುವಾಗ ಕಂಡೆ: ತೋರುಬೆರಳು, ನಡುಬೆರಳು ಎರಡೂ ಕಡ್ಡಿಯಂತೆ ನೆಟ್ಟಗಿದ್ದವು, ಮಡಚುತ್ತಿರಲಿಲ್ಲ. ಇನ್ನೂ ಒಂದನ್ನು ಗಮನಿಸಿದೆ. ಅಪ್ಪನ ಜೊತೆ ನಡೆಯುವಾಗ ಅವಳು ಅವರ ಎಡಗಡೆಗೇ ಬರುತ್ತಿದ್ದಳು. ಬಲಗಡೆಗೆ, ಚಾಕಿನ ಜೇಬಿನ ಕಡೆಗೆ, ಮರೆತೂ ಬರುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರೇ ಹೇಳಿದರು. ಮಗಳು ಹೊಳೆಯ ಕಡೆಗೆ ನೀರಿಗೆ ಹೋಗಿದ್ದಳು. ಮುದ್ದೆ ಮುರಿಯುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತ್ತು.

"ಐದ್ ವರ್ಸದ ಕೂಸು ಕಣವ್ವ ಆಗ. ನಾನ್ ಬಸ್ ಇಳಿತಿದ್ದಂಗೆ ಓಡ್ಬಂದು ಜೇಬ್ಗೆ ಕೈ ಆಕೋದು. ದಿನಾ ಕಡ್ಲೆಮಿಟಾಯಿ ತತ್ತಿದ್ದೆ. ಅವತ್ತು ಚಾಕೂ ಅದೇ ಜೇಬಲ್ಲಿತ್ತು. ಸ್ಪ್ರಿಂಗು ಸಡ್ಲ ಆಗದೆ ಅಂತ ಗೊತ್ತಿತ್ತು ನಂಗೆ. ನಾಳೆ ಮಾಡುಸ್ತೀನಿ, ನಾಳಿದ್ದು ಮಾಡುಸ್ತೀನಿ ಅಂತ... ಬಸ್ಸಲ್ಲಿ ನೂಕಾಟದಲ್ಲಿ ಅರ್ದ ಬಿಚ್ಕಂಡು ಮೊನೆ ಮ್ಯಾಲ್ಮುಕ ನಿಂತಿತ್ತು. ಕೂಸು ಜೋರಾಗಿ ಕೈ ಆಕ್ಬುಡ್ತು."

ಊರಿನಲ್ಲೇ ಗಾಯಕ್ಕೆ ಹೊಲಿಗೆ ಹಾಕಿಸಿದ್ದರು. ಗಾಯ ಮಾಯಿತು. ಬಟ್ಟೆ ಬಿಚ್ಚಿದ ಮೇಲೂ ನೋವಿಗೆ ಬೆರಳು ಮಡಚುತ್ತಿಲ್ಲ ಎಂದೇ ತಿಳಿದಿದ್ದರು. ಒಳಗೆ ನರ ತುಂಡಾಗಿದೆಯೆಂದೂ, ಗಾಯವಾದ ಹೊಸತರಲ್ಲೇ ಜೋಡಿಸಬೇಕಿತ್ತೆಂದೂ ಮೈಸೂರಿನಲ್ಲಿ ಹೇಳುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು.

"ಮರಕ್ಕೆ ಮರನೇ ಜೋಡುಸ್ತೀನಿ ನಾನು," ಎಂದರು. ಆಮೇಲೆ ಊಟ ಮಾಡಲಿಲ್ಲ. ತಟ್ಟೆಯನ್ನು ಹಾಗೇ ಎತ್ತಿಕೊಂಡು ಹೋಗಿ ನಾಯಿಗೆ ಹಾಕಿದರು.

ಆ ಹುಡುಗಿ ಪ್ರತಿ ರಜೆಗೂ ಬರತೊಡಗಿದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಚೀಟಿಗಳನ್ನು ಎಡಗೈಯಲ್ಲಿ ಬರೆದುಕೊಡುತ್ತಿದ್ದಳು, ನನ್ನದಕ್ಕಿಂತ ಅಕ್ಷರ ದುಂಡಗೆ. ಅಪ್ಪ ಕಸಿ ಕಟ್ಟುವುದನ್ನು ದೂರದಿಂದ ನೋಡುತ್ತಾ ಕೂರುತ್ತಿದ್ದಳು. ಹತ್ತಿರ ಬಂದರೆ ಅವರು ಚಾಕು ಮಡಚಿ ಜೇಬಿಗೆ ಸಿಕ್ಕಿಸಿಬಿಡುತ್ತಿದ್ದರು. ಅವಳು ದೂರ ಹೋಗುವವರೆಗೆ ತೆಗೆಯುತ್ತಿರಲಿಲ್ಲ. ನಾನಾದರೋ ಅಷ್ಟರಲ್ಲಿ ಅವರಿಂದ ಕೆಲಸ ಕಲಿತಿದ್ದೆ. ನೂರಕ್ಕೆ ಅರವತ್ತು ಎಪ್ಪತ್ತು ಕಸಿ ಚಿಗುರುತ್ತಿದ್ದವು. ಮಗಳಿಗೆ ಸಿಗಬೇಕಾದ ವಿದ್ಯೆ ನನಗೆ ಸಿಗುತ್ತಿದೆ ಎಂದು ಒಮ್ಮೊಮ್ಮೆ ಸಂಕಟವಾಗುತ್ತಿತ್ತು.

ಅವಳಿಗೆ ಹದಿಮೂರು ತುಂಬಿದ ವರ್ಷ ಒಂದು ದಿನ ನನ್ನ ಹತ್ತಿರ ಬಂದು, "ಅಕ್ಕ, ನಿಮ್ ಚಾಕ ಒಂದಪ ಕೊಡಿ, ಒಂದೇ ಒಂದ್ ಸಲ. ಎಡಗೈಲಿ ಕುಯ್ತೀನಿ. ಅಪ್ಪಂಗೆ ಏಳ್ಬ್ಯಾಡಿ," ಎಂದಳು.

ಕೊಟ್ಟೆ. ಶೆಡ್ಡಿನ ಹಿಂದೆ ಕೂತು ಕತ್ತರಿಸಿದಳು. ಮೊದಲ ದಿನ ಬರಿಯ ಕಡ್ಡಿ. ನಾಲ್ಕನೆಯ ದಿನ ಅವಳು ಕೆತ್ತಿದ ಬೆಣೆ ನನ್ನದಕ್ಕಿಂತ ನುಣುಪಾಗಿತ್ತು. ಕಟ್ಟುವುದು ಮಾತ್ರ ಆಗುತ್ತಿರಲಿಲ್ಲ. ಪಟ್ಟಿಯನ್ನು ಬಿಗಿಯಾಗಿ ಎಳೆಯಲು ಎರಡು ಕೈಯೂ ಬೇಕು. ಅದನ್ನು ನಾನು ಕಟ್ಟಿಕೊಡುತ್ತಿದ್ದೆ. ಅವಳು ಕುಯ್ಯುವುದು, ನಾನು ಕಟ್ಟುವುದು. ಹೀಗೆ ಕದ್ದುಮುಚ್ಚಿ ಒಂದು ವಾರ ನಡೆಯಿತು.

ಒಂದು ಸಂಜೆ ಚಾಕನ್ನು ನನಗೆ ಕೊಡಲು ಮರೆತು, ನನ್ನದನ್ನು ನೋಡಿ ತಾನೂ ಚೂಡಿದಾರಕ್ಕೆ ಹೊಲಿಸಿಕೊಂಡಿದ್ದ ಎಡಜೇಬಿಗೆ ಸಿಕ್ಕಿಸಿಕೊಂಡು ಬಸ್ಸಿಗೆ ಹೊರಟಳು. ಕಸಿಯಣ್ಣ ಅದನ್ನು ಕಂಡುಬಿಟ್ಟರು. ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿದರು. ನಾನು ಓಡಿಹೋಗಿ, ನಾನೇ ಕೊಟ್ಟದ್ದು ಎಂದೆ.

ನನ್ನ ಮೇಲೆ ಅವರು ಕೂಗಿದ್ದು ಅದೊಂದೇ ಸಲ. "ನಿಂಗೆ ಕಲ್ಸಿದ್ದು ಇದ್ಕೇನವ್ವ? ಬಲಗಡೆ ಜೇಬ್ಗೆ ಅಂತ ಆಕ್ಸಿರೋ ಕ್ಲಿಪ್ಪು ಅದು! ಎಡಗಡೆಗೆ ಸಿಕ್ಸುದ್ರೆ ಬಾಯಿ ಯಾವ್ ಕಡೆಗೆ ಬತ್ತದೆ ನೋಡು!"

ನೋಡಿದೆ. ಅವರು ಹೇಳಿದ್ದು ನಿಜ. ಬಲಜೇಬಿನಲ್ಲಿ ಹಿಂದಿನ ಹೊಲಿಗೆಗೆ ಆತುಕೊಳ್ಳುತ್ತಿದ್ದ ಬದಿ ಎಡಜೇಬಿನಲ್ಲಿ ತಿರುಗುಮುರುಗಾಗಿ, ಕೈ ಹಾಕುವ ಜಾಗಕ್ಕೇ ಮುಖ ಮಾಡಿಕೊಂಡಿತ್ತು. ಅಡ್ಡ ತಡೆಯಲು ಏನೂ ಇಲ್ಲ. ಮೂರು ವರ್ಷ ಅವರ ಹತ್ತಿರ ಕಲಿತ ನನಗೆ ಇದು ಹೊಳೆದೇ ಇರಲಿಲ್ಲ.

ಮಗಳು ಅಳಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಾ, "ಒಂದ್ ಕೈ ಓಗದೆ, ಸರಿ ಕಣಪ್ಪ. ಇನ್ನೊಂದ್ ಕೈಯ ನೀನೇ ಕಟ್ಟಾಕ್ತಾ ಇದ್ದೀಯಲ್ಲ," ಎಂದಳು.

ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಎಂಟು ದಿನ ಕಸಿಯಣ್ಣ ನನ್ನ ಜೊತೆ ಮಾತಾಡಲಿಲ್ಲ.

ಒಂಬತ್ತನೆಯ ದಿನ ಮಗಳನ್ನು ಕರೆದುಕೊಂಡು ಬಂದರು. ಊಟದ ಹೊತ್ತಿಗೆ ನನ್ನನ್ನೂ ಕರೆದು ಕೂರಿಸಿಕೊಂಡು, ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. ಮೈಸೂರಿಗೆ ಹೋಗಿ ಹುಡುಕಿ ತಂದ ಹೊಸ ಮಡಚುವ ಚಾಕು. ಅದರ ಕ್ಲಿಪ್ಪಿಗೆ ರಿವೆಟ್ ಇರಲಿಲ್ಲ, ಸಣ್ಣ ಸ್ಕ್ರೂಗಳಿದ್ದವು. ಬಿಚ್ಚಿ ಬೇರೆ ಕಡೆಗೆ ಕೂಡಿಸಬಹುದು. ಹಿಡಿಯ ಎರಡು ಪಕ್ಕಕ್ಕೂ ತೂತು, ಎರಡು ತುದಿಗೂ ತೂತು. ಅಂಗಡಿಯಿಂದ ತಂದಾಗ ಕ್ಲಿಪ್ಪು ಬಲಗೈಯವರಿಗೆ, ಮೊನೆ ಮೇಲ್ಮುಖವಾಗಿ ಇತ್ತು. ಕಸಿಯಣ್ಣ ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಯಾರಿಂದಲೋ ಕೇಳಿ ತಂದಿದ್ದರು. ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಸಾಲಾಗಿ ಇಟ್ಟರು. ಕ್ಲಿಪ್ಪನ್ನು ಎಡ ಪಕ್ಕಕ್ಕೆ, ಕೀಲಿನ ತುದಿಗೆ ಕೂಡಿಸಿ ಬಿಗಿ ಮಾಡಿದರು.

ಮಗಳ ಎಡಜೇಬಿಗೂ ಅಷ್ಟರಲ್ಲಿ ಕ್ಯಾನ್ವಾಸ್ ಪಟ್ಟಿ ಬಂದಿತ್ತು. ಚಾಕನ್ನು ಮಡಚಿ ಅವಳ ಅಂಗೈ ಮೇಲಿಟ್ಟು ಕಾದರು. ಅವಳು "ಇಡ್ಕಂಡೆ" ಎಂದಳು. ಆಮೇಲೆ ಕೈ ಬಿಟ್ಟರು.

"ಸಿಕ್ಕುಸ್ಕೊ. ನಡಿ. ಕುಕ್ಕರುಗಾಲಲ್ಲಿ ಕೂತ್ಕೊ. ಎದ್ದೇಳು. ಆ ಗೇಟ್ಗಂಟ ಓಡು," ಎಂದರು. ಅವಳು ನಡೆದಳು, ಕೂತಳು, ಎದ್ದಳು, ಓಡಿದಳು. ಏದುಸಿರು ಬಿಡುತ್ತಾ ವಾಪಸು ಬಂದು ನಿಂತಾಗ, ಕಸಿಯಣ್ಣ ತಮ್ಮ ಕೈಯನ್ನು ಅವಳ ಜೇಬಿನೊಳಗೆ ಹಾಕಿದರು. ಮೆಲ್ಲಗಲ್ಲ, ಬಿರುಸಾಗಿ, ಮಿಠಾಯಿಗೆ ಕೈ ಹಾಕುವ ಮಗುವಿನ ಹಾಗೆ. ತೆಗೆದರು, ಬೆರಳು ನೋಡಿಕೊಂಡರು. ಮತ್ತೆ ಓಡು ಎಂದರು. ಅವಳು ಮತ್ತೆ ಓಡಿ ಬಂದಳು. ಮತ್ತೆ ಕೈ ಹಾಕಿದರು... ಎಷ್ಟು ಸಲವೋ ನಾನು ಎಣಿಸಲಿಲ್ಲ. ನೀರು ಹಾಯಿಸುವವರು, ಮಣ್ಣು ತುಂಬುವ ಹೆಂಗಸರು ಎಲ್ಲ ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದರು. ಯಾರೂ ನಗಲಿಲ್ಲ.

ಕೊನೆಗೆ ಮಗಳೇ ಅವರ ಕೈ ಹಿಡಿದುಕೊಂಡು, "ಸಾಕು ಕಣಪ್ಪ, ಏನೂ ಆಗ್ನಿಲ್ಲ," ಎಂದಳು. ಆಗ ಅವರು ಅಲ್ಲೇ ನೆಲಕ್ಕೆ ಕೂತು ಮುಖ ಮುಚ್ಚಿಕೊಂಡರು.

ಆಮೇಲಿನ ಎರಡು ವರ್ಷ ಆ ಚಪ್ಪರದ ಕೆಳಗಿನ ಒಳ್ಳೆಯ ದಿನಗಳು. ರಜೆ ಬಂದರೆ ಅವಳು ಅಪ್ಪನ ಪಕ್ಕದಲ್ಲೇ ಗೋಣಿ ಹಾಸಿ ಕೂರುತ್ತಿದ್ದಳು. ಕಸಿಯಣ್ಣನಿಗೆ ಸಕ್ಕರೆ ಕಾಯಿಲೆ ಇದೆ ಎಂದು ನಮಗೆಲ್ಲ ಗೊತ್ತಿತ್ತು. ಅದು ಕಣ್ಣಿಗೆ ಇಳಿಯುತ್ತಿದೆ ಎಂದು ಗೊತ್ತಿರಲಿಲ್ಲ. ಮೊದಲು ಚೀಟಿ ಓದಲು ನನ್ನನ್ನು ಕರೆದರು. ಆಮೇಲೆ ಅವರ ಕಸಿಗಳು ಒಣಗತೊಡಗಿದವು. ಒಂದು ದಿನ ಕಡ್ಡಿಯ ಬದಲು ಹೆಬ್ಬೆರಳನ್ನು ಕೆತ್ತಿಕೊಂಡರು. ಚಾಕನ್ನು ಒರೆಸಿ ಮಡಚಿ, "ಇನ್ ಆಗಲ್ಲ ಕಣವ್ವ," ಎಂದರು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಜೊತೆಗೇ ಕೆಲಸಕ್ಕೆ ಬಂದಳು. ಅವಳು ಎಡಗೈಯಲ್ಲಿ ಕುಯ್ಯುತ್ತಿದ್ದಳು. ಅವರು ಸಸಿಯನ್ನು ಹಿಡಿದುಕೊಂಡು, ಸಿಪ್ಪೆಗೆ ಸಿಪ್ಪೆ ಕೂಡಿದೆಯೇ ಎಂದು ಉಗುರಿನ ತುದಿಯಲ್ಲಿ ತಡವಿ ನೋಡಿ, ಪಟ್ಟಿ ಸುತ್ತಿ ಬಿಗಿಯುತ್ತಿದ್ದರು. ಕಣ್ಣು ಅವಳದು, ಬೆರಳು ಅವರದು. ಆ ವರ್ಷ ಅವರಿಬ್ಬರೂ ಕೂಡಿ ಕಟ್ಟಿದ ಕಸಿಗಳಷ್ಟು ಬೇರೆ ಯಾರವೂ ಚಿಗುರಲಿಲ್ಲ.

ಎರಡು ಸಾವಿರದ ಒಂದರ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ನಂಜನಗೂಡಿನ ಗಂಡು, ದಿನಸಿ ವ್ಯಾಪಾರದ ಮನೆ. ಕಸಿಯಣ್ಣ ಮಗಳ ಭುಜ ಹಿಡಿದುಕೊಂಡು ಮದುವೆಗೆ ಬಂದಿದ್ದರು, ಇಸ್ತ್ರಿ ಮಾಡಿದ ಅದೇ ಬಿಳಿ ಅಂಗಿಯಲ್ಲಿ. ಅವರದು ಯಾವ ಕೇರಿ ಎಂದು ನಮ್ಮ ಕಡೆಯವರಿಗೆ ಗೊತ್ತಿತ್ತು. ನಮ್ಮ ಜನರ ಪಂಕ್ತಿಯಲ್ಲಿ ಅಂಥವರನ್ನು ಕೂರಿಸುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು. "ಊಟ ಮಾಡ್ಕೊಂಡು ಹೋಗಣ್ಣ," ಎಂದೆ. "ಬಸ್ಸದೆ ಕಣವ್ವ," ಎಂದರು. ನಾನು ಹಸೆಮಣೆಯಿಂದ ಎದ್ದು ಹೋಗಿ ಕೂರಿಸಬಹುದಿತ್ತು. ಕೂರಿಸಲಿಲ್ಲ.

ಹೊರಡುವಾಗ, "ಕಸಿ ಕಾಲಕ್ಕೆ ಒಂದಪನಾರೂ ಬಂದೋಗು. ನಂಜನಗೂಡು ದೂರ ಏನಲ್ಲ," ಎಂದರು.

"ಬರ್ತೀನಿ ಕಣಣ್ಣ. ಖಂಡಿತ ಬರ್ತೀನಿ," ಎಂದೆ.

ಹೋಗಲಿಲ್ಲ. ಮೊದಲ ವರ್ಷ ಹೊಸ ಮನೆ, ಎರಡನೆಯ ವರ್ಷ ಬಾಣಂತನ. ಒಂದು ಸಲ ಹದಿನಾರಿಗೆ ಹೋಗಿಬರಲೇ ಎಂದು ಬಾಯಿಬಿಟ್ಟು ಅತ್ತೆಯನ್ನು ಕೇಳಿದೆ. "ಆ ಕೇರಿಗೆ ನಿಂಗೇನಮ್ಮ ಕೆಲ್ಸ? ನಾಲ್ಕ್ ಜನ ಏನಂತಾರೆ?" ಎಂದರು. ನಾನು ಎದುರಾಡಲಿಲ್ಲ. ಈಗ ನಿಜ ಹೇಳಬೇಕೆಂದರೆ, ಅವರ ಆ ಮಾತು ನನಗೆ ಅನುಕೂಲವೇ ಆಯಿತು. ತಪ್ಪು ಹೊರಿಸಲು ಒಬ್ಬರು ಸಿಕ್ಕಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಇರಬೇಕು, ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಮಗಳು ಸಿಕ್ಕಿದ್ದಳು. ಅಪ್ಪನ ಔಷಧಿಗೆ ಬಂದಿದ್ದಳು. ಎತ್ತರ ಬೆಳೆದಿದ್ದಳು.

"ಅಪ್ಪಂಗೆ ಕಣ್ಣು ಪೂರಾ ಓಯ್ತು ಅಕ್ಕ. ಕಾಲು ಊದ್ತಾವೆ, ಕೆಲ್ಸಕ್ಕೆ ಬರಾಕಾಗಲ್ಲ. ನಿಮ್ಮನ್ನ ಭಾಳ ನೆನುಸ್ಕತಾನೆ. ಒಂದಪ ಬನ್ನಿ," ಎಂದಳು.

"ಸಂಕ್ರಾಂತಿ ಕಳೀಲಿ, ಬರ್ತೀನಿ," ಎಂದೆ. ಸಂಕ್ರಾಂತಿ ಕಳೆಯಿತು. ಯುಗಾದಿಯೂ ಕಳೆಯಿತು.

ನರ್ಸರಿಯಲ್ಲಿ ಮಣ್ಣು ತುಂಬುತ್ತಿದ್ದ ಹೆಂಗಸೊಬ್ಬರು ಎರಡು ವರ್ಷದ ಮೇಲೆ ನಮ್ಮ ಅಂಗಡಿಗೆ ಸಾಮಾನಿಗೆ ಬಂದವರು, ಕಸಿಯಣ್ಣ ಹೋಗಿ ಮೂರು ತಿಂಗಳಾಯಿತು ಎಂದರು. ತೂಗುತ್ತಿದ್ದ ಬೇಳೆಯನ್ನು ಹಾಗೇ ಬಿಟ್ಟು ಒಳಗೆ ಹೋದೆ. ಮಾರನೆಯ ದಿನ ಬೆಳಿಗ್ಗೆ ಮನೆಯಲ್ಲಿ ಯಾರನ್ನೂ ಕೇಳದೆ ಹದಿನಾರಿನ ಬಸ್ಸು ಹತ್ತಿದೆ. ಸತ್ತ ಮೇಲೆ ಹೊರಡಲು ಎಲ್ಲಿತ್ತೋ ಆ ಧೈರ್ಯ.

ಎರಡು ಅಂಕಣದ ಹೆಂಚಿನ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಕಸಿಯಣ್ಣನ ಫೋಟೋ. ಅವರ ಹೆಂಡತಿ ಕಳೆ ಕೀಳಲು ಹೋಗಿದ್ದರು. ಮಗಳು ಒಬ್ಬಳೇ ಇದ್ದಳು. ನನ್ನನ್ನು ಕಂಡು ಅವಳ ಮುಖದಲ್ಲಿ ಕೋಪ ಬರಬಹುದೆಂದು ಕಾದೆ. ಬರಲಿಲ್ಲ. ಚಾಪೆ ಹಾಸಿ, ಕಾಫಿ ಕಾಯಿಸಿಕೊಟ್ಟಳು.

"ಕೆಲ್ಸ ಏನ್ ಮಾಡ್ತಿದ್ದೀಯ ಈಗ? ಅಪ್ಪ ಇಲ್ದೆ ಕಟ್ಟೋರು ಯಾರು?" ಎಂದೆ.

"ಬಾಯಲ್ಲೇ ಕಟ್ತೀನಿ ಅಕ್ಕ." ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ ಸುತ್ತಿ ಎಳೆಯುವುದನ್ನು ಬರಿಗೈಯಲ್ಲೇ ತೋರಿಸಿದಳು. "ಅಪ್ಪ ಮನೇಲಿ ಕುಂತ್ಮ್ಯಾಲೆ ಕಲ್ತೆ. ಕಟ್ಟಿದ್ದನ್ನೆಲ್ಲ ತಂದು ತಡವ್ಸಿ ತೋರುಸ್ತಿದ್ದೆ. ಸಡ್ಲ ಆಗದೆ, ಬಿಚ್ಚು, ಬಿಚ್ಚು ಅನ್ನೋನು." ನಕ್ಕಳು. ನಗುತ್ತಿದ್ದಂತೆಯೇ ಕಣ್ಣೊರೆಸಿಕೊಂಡಳು.

ಕೊನೆಯ ದಿನಗಳು ಹೇಗಿದ್ದವು ಎಂದು ಕೇಳಿದೆ. ಕೇಳದೆ ಇರಬಹುದಿತ್ತು.

"ಬಾಗ್ಲಲ್ಲೇ ಚಾಪೆ ಆಕುಸ್ಕಂಡು ಕೂರೋನು ಅಕ್ಕ. ಬಸ್ಸಿನ ಸದ್ದಾಗಿ, ಯಾರಾರ ಈ ಬೀದೀಗೆ ಬಂದ್ರೆ ತಲೆ ಎತ್ತೋನು. ಎಂಗಸ್ರ ಎಜ್ಜೆ ಆದ್ರೆ ಸಾಕು, ನರಸೀಪುರದವ್ವ ಬಂದ್ಳೇನೋ ನೋಡು ಕೂಸು ಅನ್ನೋನು. ಇಲ್ಲ ಕಣಪ್ಪ, ಪಕ್ಕದ್ಮನೆ ದೊಡ್ಡವ್ವ ಅಂತಿದ್ದೆ. ಓ, ಅಂಗಾ, ಅನ್ನೋನು. ನಾಳೀಕ್ ಬತ್ತಾಳೆ ಬುಡು ಅನ್ನೋನು."

ನನ್ನ ಕೈಯ ಲೋಟದಲ್ಲಿ ಕಾಫಿ ಆರಿಹೋಗಿತ್ತು. ಅವಳು ಅದನ್ನು ತೆಗೆದುಕೊಂಡು, "ಬಿಸಿ ಮಾಡ್ಕತೀನಿ, ಇರಿ," ಎಂದು ಒಳಗೆ ಹೋದಳು. ನಾನು ಬಾಗಿಲ ಹತ್ತಿರ ಬಂದು ನಿಂತೆ. ಅಲ್ಲಿಂದ ಬಸ್ಸು ನಿಲ್ಲುವ ಜಾಗ ಚೆನ್ನಾಗಿ ಕಾಣುತ್ತಿತ್ತು.

ಆ ಹುಡುಗಿ ಈಗ ಬಿಳಿಗೆರೆಯ ಕಡೆ ಮದುವೆಯಾಗಿ ಹೋಗಿದ್ದಾಳೆ. ತೋಟಗಳಿಗೆ ಹೋಗಿ ಕಸಿ ಕಟ್ಟಿಕೊಡುತ್ತಾಳಂತೆ, ಒಳ್ಳೆ ಹೆಸರಿದೆಯಂತೆ. ಯಾವಾಗಲಾದರೂ ಫೋನು ಮಾಡುತ್ತಾಳೆ. ನಾನೂ ಮಾಡುತ್ತೇನೆ. ಅತ್ತೆ ಹೋಗಿ ಬಹಳ ವರ್ಷವಾಯಿತು. ಮಕ್ಕಳು ದೊಡ್ಡವರಾದರು. ಈಗ ನಾನು ಎಲ್ಲಿಗೆ ಹೊರಟರೂ ಯಾಕೆ ಎಂದು ಕೇಳುವವರಿಲ್ಲ.

ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷ. ಅಲ್ಲಿಂದ ಹದಿನಾರಿಗೆ ಮುಕ್ಕಾಲು ಗಂಟೆ. ಅವರು ಕಾದಿದ್ದು ಐದು ವರ್ಷ.